ರವೇಲ್ ಕ್ವಾರ್ಟೆಟ್: ಚೆಲ್ಲೊ ಮೂರು ಮೆಟ್ಟಿಲು ಹತ್ತೋ ಜಾಗ

ಪ್ರಶ್ನೆ: ನಾನು ಕರ್ನಾಟಕ ಸಂಗೀತದ ಪಿಟೀಲು ಕಲಿತಿದೀನಿ, ಸೀನಿಯರ್ ಪರೀಕ್ಷೆ ಆಗಿದೆ. ಈಚೆಗೆ ಒಬ್ಬ ಫ್ರೆಂಡ್ ಫ್ರಾನ್ಸ್‌ನ ಸಂಗೀತಕಾರ ಮೋರಿಸ್ ರವೇಲ್‌ನ ಎಫ್ ಮೇಜರ್ ಸ್ಟ್ರಿಂಗ್ ಕ್ವಾರ್ಟೆಟ್ ಕಳಿಸಿದ, ಐದಾರು ಸಲ ಕೇಳಿದೆ. ಚೆನ್ನಾಗಿದೆ ಅನ್ಸತ್ತೆ ಆದ್ರೆ ಕೈಗೆ ಸಿಗಲ್ಲ, ಏನೋ ಮಂಜು ಮಂಜು. ಇದು ಫ್ರಾನ್ಸ್‌ನವನೇ ಆದ ದೆಬ್ಯುಸಿಯ ಕ್ವಾರ್ಟೆಟ್ ನೋಡ್ಕೊಂಡು ಮಾಡಿದ ಕಾಪಿ ಅಂತ ಬೇರೆ ಓದಿದೆ, ನಿಜಾನಾ? ಇದರ ಸ್ವಭಾವ ಏನು, ಹೇಗೆ ಕೇಳಬೇಕು, ಯಾರು ನುಡಿಸಿದ್ದು ಕೇಳಲಿ?

ಉತ್ತರ: ಮೊದಲು ಆ ಮಂಜಿನ ವಿಷಯ ಹೇಳ್ಬಿಡ್ತೀನಿ, ಯಾಕಂದ್ರೆ ನಿಮ್ಮ ಉಳಿದ ಪ್ರಶ್ನೆಗಳಿಗೆಲ್ಲ ಉತ್ತರ ಅಲ್ಲೇ ಇದೆ. ನಾವು ತಂಬೂರಿ ಕೇಳ್ಕೊಂಡು ಬೆಳೆದವರು, ಕಿವಿಗೆ ಒಂದು ಅಭ್ಯಾಸ ಆಗ್ಬಿಟ್ಟಿರತ್ತೆ, ಕೆಳಗಡೆ ನೆಲ ಗಟ್ಟಿ ಇದೆ, ಅದು ಅಲ್ಲಾಡಲ್ಲ, ಏನಾಗೋದಿದ್ರೂ ಮೇಲೆ ರಾಗದಲ್ಲಿ ಆಗತ್ತೆ ಅಂತ. ಹಾಗಾಗಿ ನೀವು ಈ ಕ್ವಾರ್ಟೆಟ್ ಹಾಕಿದ ತಕ್ಷಣ ಕಿವಿ ಸೀದಾ ಮೊದಲನೇ ವಯಲಿನ್ ಹಿಂದೆ ಹೋಗಿರತ್ತೆ. ಕ್ವಾರ್ಟೆಟ್ ಅಂದ್ರೆ ಎರಡು ವಯಲಿನ್, ಅದಕ್ಕಿಂತ ಸ್ವಲ್ಪ ದೊಡ್ಡ ವಿಯೋಲಾ, ಎಲ್ಲಕ್ಕಿಂತ ಕೆಳಗಿನ ಧ್ವನಿಯ ಚೆಲ್ಲೊ, ಒಟ್ಟು ನಾಲ್ಕೇ ವಾದ್ಯ. ರವೇಲ್‌ನ ಸಂಗೀತದಲ್ಲಿ ಆಟ ನಡೆಯೋದು ಕೆಳಗೆ. ಮೇಲಿನ ಹಾಡು ಎಷ್ಟೋ ಸಲ ಹಾಗೇ ಇರತ್ತೆ, ಅದರ ಕೆಳಗಿನ ನೆಲ ಜರುಗತ್ತೆ. ನೆಲ ಜರುಗಿದ್ದು ಗೊತ್ತಾಗದೇ ಇದ್ರೆ ಹಾಡು ತೇಲ್ತಿರೋ ಹಾಗೆ ಅನ್ಸತ್ತೆ, ನೀವು ಅದನ್ನೇ ಮಂಜು ಅಂತಿದೀರ. ನಾನು ಇದರಲ್ಲಿ ವಿಯೋಲಾ ಪಾರ್ಟ್ ನುಡಿಸ್ತೀನಿ, ವರ್ಷಗಟ್ಟಲೆ ನಾಲ್ಕು ಜನ ಕೂತು ಸಾಧನೆ ಮಾಡಿದ ತುಣುಕು ಇದು, ಒಳಗಡೆ ಕೂತವರಿಗೆ ಇದರಲ್ಲಿ ಮಂಜು ಅನ್ನೋದೇ ಇಲ್ಲ, ಪ್ರತಿ ಗೆರೆನೂ ಚೂಪಾಗಿ ಕಾಣತ್ತೆ. ಹೊರಗಿಂದ ಕೇಳೋರಿಗೂ ಅದು ಹಾಗೇ ಕಾಣ್ಬೇಕು ಅನ್ನೋದು ನನ್ನ ಆಸೆ.

ಬರೆದಿದ್ದು 1902ರ ಡಿಸೆಂಬರ್‌ನಿಂದ 1903ರ ಏಪ್ರಿಲ್ ತನಕ, ಪ್ಯಾರಿಸ್‌ನಲ್ಲಿ. ಶುರು ಮಾಡಿದಾಗ ರವೇಲ್‌ಗೆ 27 ವರ್ಷ, ಮುಗಿಸೋ ಹೊತ್ತಿಗೆ 28. ಅಪ್ಪ ಸ್ವಿಟ್ಜರ್ಲೆಂಡ್ ಮೂಲದ ಎಂಜಿನಿಯರ್, ಅಮ್ಮ ಬಾಸ್ಕ್ ಜನಾಂಗದವರು. ಹುಟ್ಟಿದ್ದು ಸ್ಪೇನ್ ಗಡಿ ಹತ್ತಿರ ಸಿಬೂರ್ ಅನ್ನೋ ಸಮುದ್ರದಂಡೆ ಊರಲ್ಲಿ, ಆದ್ರೆ ಕೂಸಾಗಿದ್ದಾಗಲೇ ಪ್ಯಾರಿಸ್‌ಗೆ ಬಂದಾಗಿತ್ತು. ಅಲ್ಲಿನ ಕನ್ಸರ್ವೇಟ್ವಾರ್, ಅಂದ್ರೆ ಸರ್ಕಾರಿ ಸಂಗೀತ ಕಾಲೇಜು, ಅಲ್ಲಿಗೆ 14ನೇ ವಯಸ್ಸಿಗೆ ಸೇರಿದ್ದು. ಒಂದು ಸಲ ಪ್ರೈಜ್ ಬರಲಿಲ್ಲ ಅಂತ ಹೊರಗೆ ಹೋಗ್ಬೇಕಾಯ್ತು, ಆಮೇಲೆ ಗಾಬ್ರಿಯೆಲ್ ಫೋರೆ ಅವರ ಕಾಂಪೊಸಿಷನ್ ಕ್ಲಾಸ್‌ಗೆ ವಾಪಸ್ ಬಂದ, ಅಲ್ಲೂ ಪ್ರೈಜ್ ಇಲ್ಲ ಅಂತ ಲಿಸ್ಟಿಂದ ಹೆಸರು ತೆಗೆದ್ರು, ಆದ್ರೂ ಫೋರೆ ಮೇಲಿನ ಗೌರವಕ್ಕೆ ಕ್ಲಾಸ್‌ನಲ್ಲಿ ಬಂದು ಕೂತು ಕೇಳ್ತಾ ಇದ್ದ. ಈ ಕ್ವಾರ್ಟೆಟ್‌ನ ಮೊದಲನೇ ಭಾಗವನ್ನ 1903ರ ಶುರುವಲ್ಲಿ ಕಾಲೇಜಿನ ಸ್ಪರ್ಧೆಗೆ ಕೊಟ್ಟ. ತೀರ್ಪುಗಾರರಿಗೆ ಹಿಡಿಸಲಿಲ್ಲ, ಬಹುಮಾನ ಇಲ್ಲ. ಅಲ್ಲಿಗೆ ರವೇಲ್ ಕಾಲೇಜು ಬಿಟ್ಟ, ಆದ್ರೆ ಕ್ವಾರ್ಟೆಟ್ ಬಿಡಲಿಲ್ಲ, ಉಳಿದದ್ದನ್ನ ಬರೆದು ಮುಗಿಸಿ ಮೊದಲ ಪುಟದಲ್ಲಿ "ನನ್ನ ಪ್ರೀತಿಯ ಗುರುಗಳು ಗಾಬ್ರಿಯೆಲ್ ಫೋರೆ ಅವರಿಗೆ" ಅಂತ ಅರ್ಪಣೆ ಬರೆದ. ಸ್ಪರ್ಧೇಲಿ ಸೋತ ಕೆಲಸವನ್ನೇ ಗುರುವಿಗೆ ಅರ್ಪಿಸೋದು ಅಂದ್ರೆ ಅದರ ಮೇಲೆ ಎಷ್ಟು ನಂಬಿಕೆ ಇರ್ಬೇಕು ನೋಡಿ.

ಈಗ ಕಾಪಿ ಅನ್ನೋ ಮಾತು. ಇದು ಮೊದಲನೇ ಕಚೇರಿಯಿಂದಲೇ ಬೆನ್ನು ಹತ್ತಿರೋ ಮಾತು. 1904ರ ಮಾರ್ಚ್ 5ಕ್ಕೆ ಪ್ಯಾರಿಸ್‌ನ ಸೊಸಿಯೆತೆ ನಾಸ್ಯೊನಾಲ್ ಅನ್ನೋ ಸಂಗೀತ ಸಂಘದ ಕಾರ್ಯಕ್ರಮದಲ್ಲಿ ಹೇಮನ್ ಕ್ವಾರ್ಟೆಟ್‌ನವರು ಇದನ್ನ ಮೊದಲ ಸಲ ನುಡಿಸಿದ್ರು, ರವೇಲ್‌ಗೆ 29 ತುಂಬೋಕೆ ಎರಡೇ ದಿನ ಇತ್ತು. ಪಿಯೆರ್ ಲಾಲೋ ಅನ್ನೋ ದೊಡ್ಡ ವಿಮರ್ಶಕರು ಇದರ ಸ್ವರಮೇಳ, ನಾದ, ಕಟ್ಟಡ ಎಲ್ಲವೂ ದೆಬ್ಯುಸಿ ಸಂಗೀತದ ಹಾಗೇ ಇದೆ, ನಂಬೋಕಾಗದಷ್ಟು ಹೋಲಿಕೆ ಅಂತ ಬರೆದ್ರು. ಅದೇ ಹೊತ್ತಿಗೆ ಝಾನ್ ಮಾರ್ನೋಲ್ ಅನ್ನೋ ಇನ್ನೊಬ್ಬ ವಿಮರ್ಶಕರು ರವೇಲ್ ಅನ್ನೋ ಹೆಸರು ನೆನಪಿಟ್ಕೊಳ್ಳಿ, ಇವನು ನಾಳೆಯ ಮಾಸ್ಟರ್‌ಗಳಲ್ಲಿ ಒಬ್ಬ ಅಂದ್ರು. ನೀವು ಓದಿದ್ದು ಲಾಲೋ ಹೇಳಿದ್ದರ ಪ್ರತಿಧ್ವನಿ, ನೂರಿಪ್ಪತ್ತು ವರ್ಷ ಆದ್ರೂ ಇನ್ನೂ ಸುತ್ತಾಡ್ತಾ ಇದೆ.

ಹೋಲಿಕೆ ಇಲ್ಲ ಅಂತ ನಾನು ಹೇಳಲ್ಲ, ಇದೆ, ಕಣ್ಣಿಗೆ ಹೊಡೆಯೋ ಹಾಗೇ ಇದೆ. ದೆಬ್ಯುಸಿಯ ಜಿ ಮೈನರ್ ಕ್ವಾರ್ಟೆಟ್ 1893ರದ್ದು, ಅಂದ್ರೆ ಹತ್ತು ವರ್ಷ ಮುಂಚೆ. ಅದರಲ್ಲೂ ನಾಲ್ಕು ಭಾಗ, ಅಲ್ಲೂ ಎರಡನೇ ಭಾಗದಲ್ಲಿ ತಂತಿ ಮೀಟೋ ಆಟ, ಮೂರನೇದು ನಿಧಾನ, ಒಂದೇ ಮೂಲ ಸ್ವರಗುಚ್ಛ ಬೇರೆ ಬೇರೆ ವೇಷದಲ್ಲಿ ಮುಂದಿನ ಭಾಗಗಳಲ್ಲಿ ತಿರುಗಿ ಬರೋದು. ಈ ತಿರುಗಿ ಬರೋ ಪದ್ಧತಿ ದೆಬ್ಯುಸಿಯ ಸ್ವಂತದ್ದೂ ಅಲ್ಲ, ಸೆಸಾರ್ ಫ್ರಾಂಕ್ ಅನ್ನೋ ಹಿರಿಯ ಸಂಗೀತಕಾರರ ಕಾಲದಿಂದ ಫ್ರಾನ್ಸ್‌ನಲ್ಲಿ ನಡ್ಕೊಂಡು ಬಂದಿದ್ದು. ಮನೆಯ ನಕ್ಷೆ ಒಂದೇ, ಒಪ್ಪೋಣ. ಆದ್ರೆ ಒಳಗೆ ವಾಸ ಮಾಡೋರು ಬೇರೆ. ದೆಬ್ಯುಸಿ ತನ್ನ ಮೂಲ ಸ್ವರಗುಚ್ಛವನ್ನ ಕುದಿಸ್ತಾನೆ, ಅದು ಒಂದು ಭಾಗದಿಂದ ಇನ್ನೊಂದಕ್ಕೆ ಹೋಗೋ ಹೊತ್ತಿಗೆ ಗುರುತೇ ಸಿಗದ ಹಾಗೆ ಬದಲಾಗಿರತ್ತೆ, ಧ್ವನಿ ದಪ್ಪ, ರಭಸ ಇದೆ, ನಾಲ್ಕೂ ವಾದ್ಯ ಒಟ್ಟಿಗೆ ಮುನ್ನುಗ್ಗತ್ತೆ. ರವೇಲ್ ಕುದಿಸಲ್ಲ. ತನ್ನ ರಾಗವನ್ನ (ಇಲ್ಲಿ ರಾಗ ಅಂದ್ರೆ ಥೀಮ್, ಮುಖ್ಯ ಹಾಡಿನ ಸಾಲು) ಕೈಯಲ್ಲಿ ಹಿಡಿದು ಬೆಳಕಿಗೆ ಹಿಡೀತಾನೆ, ಈ ಕಡೆ ತಿರುಗಿಸ್ತಾನೆ, ಆ ಕಡೆ ತಿರುಗಿಸ್ತಾನೆ, ರಾಗ ಅದೇ, ಬೀಳೋ ಬೆಳಕು ಬೇರೆ. ಇದು ಸ್ವಭಾವದ ವ್ಯತ್ಯಾಸ, ಎರಡನ್ನೂ ಒಂದೇ ಸಂಜೆ ಹಿಂದೆ ಮುಂದೆ ಹಾಕಿ ಕೇಳಿದ್ರೆ ನಿಮಗೇ ಗೊತ್ತಾಗತ್ತೆ. ದೆಬ್ಯುಸಿ ಮೊದಲ ಎರಡು ಅಳತೆಯಲ್ಲೇ (ಅಳತೆ ಅಂದ್ರೆ ಬಾರ್, ತಾಳದ ಒಂದು ಸುತ್ತು) ಜಗಳಕ್ಕೆ ಬಂದ ಹಾಗೆ ಶುರು ಮಾಡ್ತಾನೆ, ರವೇಲ್ ಮೊದಲ ಸಾಲಿನ ಮೇಲೇ "ಬಹಳ ಮೃದುವಾಗಿ" ಅಂತ ಬರೀತಾನೆ.

ಆ ಮೃದುವಾದ ಶುರುವನ್ನೇ ತಗೊಳ್ಳಿ. ನಾಲ್ಕೂ ವಾದ್ಯ ಒಟ್ಟಿಗೆ ಉಸಿರು ತಗೊಂಡ ಹಾಗೆ ಶುರುವಾಗತ್ತೆ, ಮೇಲೆ ಮೊದಲನೇ ವಯಲಿನ್ ಒಂದು ಉದ್ದ ಬಿಲ್ಲಿನ ಆಕಾರದ ಸಾಲು ಹಾಡತ್ತೆ, ಹತ್ತತ್ತೆ ಇಳಿಯತ್ತೆ. ಎಲ್ಲರೂ ಇದನ್ನ ಕೇಳ್ತಾರೆ. ನೀವು ಮುಂದಿನ ಸಲ ಹಾಕಿದಾಗ ಇದನ್ನ ಬಿಟ್ಟು ಚೆಲ್ಲೊ ಒಂದನ್ನೇ ಹಿಡ್ಕೊಳ್ಳಿ. ಅದು ಅಲಂಕಾರ ಪಾಠದಲ್ಲಿ ನಾವು ಹಾಡ್ತಿದ್ವಲ್ಲ ಹಾಗೆ ಒಂದೊಂದೇ ಸ್ವರ ಮೆಟ್ಟಿಲು ಹತ್ತಿದ ಹಾಗೆ ಹತ್ತಾ ಹೋಗತ್ತೆ, ಎರಡನೇ ವಯಲಿನ್ ಅದರ ಜೊತೆಜೊತೆಗೇ ಮೇಲೆ ಹತ್ತತ್ತೆ. ಅಷ್ಟು ಸರಳ. ಮೇಲಿನ ಹಾಡು ತೂಗಾಡೋ ಹಾಗೆ ಅನ್ಸೋದು ಈ ಮೆಟ್ಟಿಲಿಂದ, ಹಾಡು ತನ್ನ ಪಾಡಿಗೆ ಸುತ್ತು ಹಾಕ್ತಿದ್ರೆ ಕೆಳಗಿನ ನೆಲ ಪ್ರತಿ ಹೆಜ್ಜೆಗೂ ಒಂದು ಸ್ವರ ಮೇಲೆ ಹೋಗ್ತಿರತ್ತೆ, ಹಾಗಾಗಿ ಒಂದೇ ಥರದ ತಿರುವು ಎರಡನೇ ಸಲ ಬಂದಾಗ ಅದರ ಬಣ್ಣ ಬೇರೆ ಆಗಿರತ್ತೆ.

ಇದಾದ ಸ್ವಲ್ಪ ಹೊತ್ತಿಗೆ ಎರಡನೇ ರಾಗ ಬರತ್ತೆ, ಇಡೀ ಕ್ವಾರ್ಟೆಟ್‌ನ ಜೀವ ಇರೋದು ಇಲ್ಲಿ ಅಂತ ನಾನು ನಂಬ್ತೀನಿ. ಮೊದಲನೇ ವಯಲಿನ್ ಮತ್ತೆ ವಿಯೋಲಾ ಇಬ್ಬರೂ ಒಂದೇ ಹಾಡು ನುಡಿಸ್ತಾರೆ, ಆದ್ರೆ ಎರಡು ಸ್ಥಾಯಿ ಅಂತರದಲ್ಲಿ. ಮಧ್ಯದ ಒಂದು ಸ್ಥಾಯಿ ಖಾಲಿ. ನೀವು ಪಿಟೀಲಿನವರು, ಎರಡು ಸ್ಥಾಯಿ ಅಂತರದಲ್ಲಿ ಶ್ರುತಿ ಸೇರಿಸೋದು ಅಂದ್ರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ, ಒಂದು ಕೂದಲೆಳೆ ಆಚೀಚೆ ಆದ್ರೂ ಎರಡು ಬೇರೆ ಬೇರೆ ವಾದ್ಯ ಅಂತ ಗೊತ್ತಾಗಿ ಹೋಗತ್ತೆ. ಸರಿಯಾಗಿ ಸೇರಿದಾಗ ವಯಲಿನ್ನೂ ಅಲ್ಲ ವಿಯೋಲಾನೂ ಅಲ್ಲ, ಮೂರನೇ ಒಂದು ವಾದ್ಯ ರೂಮಿನಲ್ಲಿ ಹುಟ್ಕೊಳ್ಳತ್ತೆ, ಟೊಳ್ಳಾದ ಆದ್ರೆ ತುಂಬಾ ಹತ್ತಿರದ ಧ್ವನಿ. ನಾವು ಈ ಹದಿನೈದು ಇಪ್ಪತ್ತು ಸೆಕೆಂಡಿಗೆ ಒಂದು ಇಡೀ ಮಳೆಗಾಲ ಕಳೆದಿದೀವಿ, ತೇವಕ್ಕೆ ತಂತಿ ಇಳಿಯೋದು, ಮತ್ತೆ ಸೇರಿಸೋದು, ಫ್ಯಾನ್ ಹಾಕಿದ್ರೆ ಸ್ವರ ಬರೆದ ಶೀಟ್ ಹಾರತ್ತೆ ಅಂತ ಬೆವರ್ಕೊಂಡು ಕೂತಿದ್ದು. ಒಂದು ಸಂಜೆ ಆ ಮೂರನೇ ವಾದ್ಯ ಕೇಳಿಸ್ತು, ನಾಲ್ಕೂ ಜನ ನಿಲ್ಲಿಸ್ಬಿಟ್ವಿ, ಯಾರೂ ಏನೂ ಮಾತಾಡ್ಲಿಲ್ಲ.

ಈ ಹಾಡು ಮೊದಲ ಸಲ ಬಂದಾಗ ಅದರ ನೆಲೆ ಡಿ ಮೈನರ್, ಸ್ವಲ್ಪ ದುಃಖದ ಛಾಯೆ. ಮೊದಲನೇ ಭಾಗದ ಕೊನೆ ಕಡೆ ಇದೇ ಹಾಡು ವಾಪಸ್ ಬರ್ಬೇಕು, ಆಗ ಮನೆ ಶ್ರುತಿ ಆದ ಎಫ್ ಮೇಜರ್‌ಗೆ ಬರಬೇಕು, ಇದು ಸೊನಾಟಾ ಅನ್ನೋ ರಚನಾ ಪದ್ಧತಿಯ ಹಳೇ ನಿಯಮ. ಮಾಮೂಲಾಗಿ ಏನು ಮಾಡ್ತಾರೆ ಅಂದ್ರೆ ಇಡೀ ಹಾಡನ್ನೇ ಎತ್ತಿ ಹೊಸ ಶ್ರುತಿಗೆ ಇಡ್ತಾರೆ. ರವೇಲ್ ಹಾಗೆ ಮಾಡಲ್ಲ. ಮೇಲಿನ ಮೂರು ವಾದ್ಯ ಮೊದಲ ಸಲ ಏನು ನುಡಿಸಿದ್ವೋ ಅದನ್ನೇ, ಅದೇ ಸ್ವರಗಳನ್ನ, ಅದೇ ಎತ್ತರದಲ್ಲಿ ನುಡಿಸ್ತವೆ. ಚೆಲ್ಲೊ ಒಂದೇ ಮೂರು ಅರ್ಧಸ್ವರ ಮೇಲೆ ಹೋಗತ್ತೆ, ಡಿ ಇದ್ದ ಕಡೆ ಎಫ್. ಅಷ್ಟೇ. ಡಿ ಮೈನರ್ ಹೋಗಿ ಎಫ್ ಮೇಜರ್ ಆಯ್ತು, ದುಃಖದ ಹಾಡು ಸಮಾಧಾನದ ಹಾಡಾಯ್ತು, ಹಾಡಿನ ಒಂದು ಸ್ವರ ಕೂಡ ಬದಲಾಗದೆ!

ಇದು ನಿಮಗೆ ಗೊತ್ತಿರೋ ವಿಷಯನೇ. ಗ್ರಹಭೇದ, ಅಂದ್ರೆ ಅದೇ ಸ್ವರಗಳನ್ನ ಇಟ್ಕೊಂಡು ಷಡ್ಜದ ಜಾಗ ಮಾತ್ರ ಬದಲಾಯಿಸೋದು. ನಟಭೈರವಿಯ ಗಾಂಧಾರವನ್ನ ಷಡ್ಜ ಅಂದ್ಕೊಂಡ್ರೆ ಶಂಕರಾಭರಣ ಸಿಗತ್ತಲ್ಲ, ಅದೇ ಲೆಕ್ಕ, ಡಿ ಮೇಲಿನ ನಟಭೈರವಿಯ ಏಳು ಸ್ವರ ಮತ್ತೆ ಎಫ್ ಮೇಲಿನ ಶಂಕರಾಭರಣದ ಏಳು ಸ್ವರ ಒಂದೇ. ರವೇಲ್‌ನ ಹಾಡನ್ನ ನಟಭೈರವಿ ಅಂತ ಕರೆಯೋದು ತಪ್ಪಾಗತ್ತೆ, ಅದು ನಮ್ಮ ಅರ್ಥದ ರಾಗ ಅಲ್ಲ, ನಮ್ಮ ರಾಗದ ನಡೆ ಗಮಕ ಯಾವುದೂ ಅದರಲ್ಲಿ ಇಲ್ಲ, ಆದ್ರೆ ತತ್ವ ಇದೇ. ಒಂದು ವ್ಯತ್ಯಾಸ ಇದೆ, ನಂಗೆ ಅದು ತುಂಬಾ ಇಷ್ಟ. ನಮ್ಮಲ್ಲಿ ಗ್ರಹಭೇದ ಮಾಡುವಾಗ ತಂಬೂರಿ ಅಲ್ಲೇ ಇರತ್ತೆ, ಹಾಡೋರು ಮೇಲೆ ನೆಲೆ ಬದಲಾಯಿಸಿದ ಭ್ರಮೆ ಹುಟ್ಟಿಸಿ ಸ್ವಲ್ಪ ಹೊತ್ತಿಗೆ ವಾಪಸ್ ಬರ್ತಾರೆ. ರವೇಲ್‌ನಲ್ಲಿ ತಲೆಕೆಳಗು, ಹಾಡೋರು ಅಲ್ಲೇ ಇರ್ತಾರೆ, ತಂಬೂರಿ ಎದ್ದು ಇನ್ನೊಂದು ಕಡೆ ಹೋಗಿ ಕೂರತ್ತೆ.

ಫೋನಲ್ಲಿ ತಂಬೂರಿ ಆಪ್ ಇರತ್ತಲ್ಲ, ಇದನ್ನ ಮನೇಲೇ ಮಾಡಿ ನೋಡಿ. ಎರಡು ಮನೆ ಶ್ರುತಿ, ಅಂದ್ರೆ ಡಿಗೆ ಇಟ್ಟು, ನಟಭೈರವಿಯಲ್ಲಿ ಪಂಚಮದ ಸುತ್ತ ಮುತ್ತ ಒಂದು ನಾಲ್ಕೈದು ಸ್ವರದ ಸಣ್ಣ ಸಾಲು ಗಮಕ ಇಲ್ಲದೆ ಸಾದಾ ನುಡಿಸಿ, ಷಡ್ಜದಲ್ಲಿ ನಿಲ್ಲಿಸ್ಬೇಡಿ. ಆಮೇಲೆ ಆಪ್‌ನಲ್ಲಿ ಶ್ರುತಿ ಎಫ್‌ಗೆ, ಅಂದ್ರೆ ನಾಲ್ಕು ಮನೆಗೆ ತಗೊಂಡು ಹೋಗಿ. ಬೆರಳು ಮಾತ್ರ ಜರುಗಿಸ್ಬೇಡಿ, ಅದೇ ಸಾಲು ಅದೇ ಜಾಗದಲ್ಲಿ ನುಡಿಸಿ. ಎರಡನೇ ಸಲ ನುಡಿಸೋವಾಗ ನಿಮ್ಮ ಕಮಾನು ಹೇಗೆ ತಾನೇ ತಾನಾಗಿ ಹಗುರ ಆಗತ್ತೆ ನೋಡಿ. ರವೇಲ್ ಕೇಳುಗರಿಗೆ ಮಾಡೋದು ಅದನ್ನೇ, ಆದ್ರೆ ನಾವು ಮೇಲಿನ ಹಾಡನ್ನೇ ನೋಡ್ತಾ ಇರ್ತೀವಿ, ಹಾಗಾಗಿ ಯಾಕೆ ಹಗುರ ಆಯ್ತು ಅಂತ ಗೊತ್ತಾಗಲ್ಲ.

ಎರಡನೇ ಭಾಗ ನಿಮಗೆ ಈಗಾಗಲೇ ಇಷ್ಟ ಆಗಿರತ್ತೆ ಅನ್ಕೊಂಡಿದೀನಿ, ಎಲ್ಲರಿಗೂ ಮೊದಲು ಹಿಡಿಯೋದು ಅದೇ. ಕಮಾನು ಪಕ್ಕಕ್ಕೆ, ನಾಲ್ಕೂ ಜನ ಬೆರಳಲ್ಲಿ ಮೀಟ್ತಾರೆ. ದೆಬ್ಯುಸಿಯ ಎರಡನೇ ಭಾಗದಲ್ಲಿ ಸುತ್ತ ಮೀಟು ನಡೀತಿದ್ರೂ ವಿಯೋಲಾ ಕಮಾನಲ್ಲಿ ಒಂದೇ ಸಾಲನ್ನ ಪಟ್ಟು ಹಿಡಿದು ತಿರುಗಿಸ್ತಾ ಇರತ್ತೆ, ರವೇಲ್‌ನಲ್ಲಿ ಶುರುವಿಗೆ ಪೂರ್ತಿ ಮೀಟೇ. ಹಾಗಾಗಿ ಅದರ ಧ್ವನಿ ಗಿಟಾರಿಗೆ ಹತ್ತಿರ, ವಯಲಿನ್ನಿಗೆ ದೂರ. ತಾಳದ ಗುಟ್ಟು ಏನಂದ್ರೆ ಶೀಟ್ ಮೇಲೆ ಅಳತೆಯನ್ನೇ ಎರಡು ಥರ ಬರೆದಿದೆ, ಆರು ಎಂಟನೇ ಒಂದಂಶ (6/8), ಪಕ್ಕದಲ್ಲೇ ಮೂರು ನಾಲ್ಕನೇ ಒಂದಂಶ (3/4). ನಮ್ಮ ಬಾಯಲ್ಲಿ ಹೇಳೋದಾದ್ರೆ ಆರು ಅಕ್ಷರವನ್ನ ಒಬ್ಬರು ತಕಿಟ ತಕಿಟ ಅಂತ ಹೇಳ್ತಾರೆ, ಇನ್ನೊಬ್ಬರು ಅದೇ ಆರನ್ನ ತಕ ತಕ ತಕ ಅಂತ ಹೇಳ್ತಾರೆ, ಕೆಲವು ಸಲ ಒಬ್ಬರಾದ ಮೇಲೆ ಒಬ್ಬರು, ಕೆಲವು ಸಲ ಒಟ್ಟಿಗೇ. ನೀವು ತೊಡೆ ಮೇಲೆ ಒಂದು ಕೈಯಲ್ಲಿ ಎರಡು ಪೆಟ್ಟು, ಇನ್ನೊಂದು ಕೈಯಲ್ಲಿ ಮೂರು ಪೆಟ್ಟು ಹಾಕ್ಕೊಂಡು ಕೇಳಿ, ಯಾವ ಕೈ ಯಾವಾಗ ಗೆಲ್ಲತ್ತೆ ಅಂತ ಗೊತ್ತಾಗ್ತಾ ಹೋಗತ್ತೆ. ಇಲ್ಲೂ ಅದೇ ಕಥೆ ನೋಡಿ, ಆರು ಅಕ್ಷರ ಬದಲಾಗಿಲ್ಲ, ಅದನ್ನ ಎಣಿಸೋ ನೆಲೆ ಬದಲಾಗಿದ್ದು.

ಇದು ಎಲ್ಲಿಂದ ಬಂತು ಅನ್ನೋದಕ್ಕೆ ಎರಡು ದಾರಿ ತೋರಿಸ್ತಾರೆ. ಒಂದು ಸ್ಪೇನ್, ಅಲ್ಲಿನ ಕುಣಿತದ ಹಾಡುಗಳಲ್ಲಿ ಈ ಎರಡು ಮೂರರ ಜಗ್ಗಾಟ ರಕ್ತದಲ್ಲೇ ಇದೆ, ರವೇಲ್‌ನ ಅಮ್ಮ ಅಂಥ ಹಾಡುಗಳನ್ನ ಹೇಳ್ಕೊಂಡೇ ಮಗನನ್ನ ಬೆಳೆಸಿದ್ದು. ಇನ್ನೊಂದು 1889ರ ಪ್ಯಾರಿಸ್ ವಿಶ್ವ ಮೇಳ, ಐಫೆಲ್ ಟವರ್ ಎದ್ದಿದ್ದು ಆ ಮೇಳಕ್ಕೇ, ಅಲ್ಲಿ ಜಾವಾ ದ್ವೀಪದ ಗಮೆಲಾನ್ ತಂಡ ಬಂದಿತ್ತು, ಕಂಚಿನ ವಾದ್ಯಗಳನ್ನ ಹಲವರು ಸೇರಿ ಒಂದರೊಳಗೊಂದು ಹೆಣೆದ ಹಾಗೆ ಬಾರಿಸ್ತಾರೆ. ಆ ಕಾಲದ ಪ್ಯಾರಿಸ್ ಸಂಗೀತಗಾರರ ಕಿವಿಯಲ್ಲಿ ಅದು ಕೂತ್ಬಿಡ್ತು. ನನ್ನ ಕಿವಿಗೆ ಈ ಭಾಗದ ಮೈಯಲ್ಲಿ ಸ್ಪೇನ್ ಜಾಸ್ತಿ, ಗಮೆಲಾನ್ ಕಮ್ಮಿ. ಮೀಟು ಒಣಗಿದೆ, ಚುರುಕು ಇದೆ, ಕಂಚಿನ ಹಾಗೆ ಉದ್ದಕ್ಕೆ ಮೊಳಗಲ್ಲ. ನಡುವೆ ಎಲ್ಲ ನಿಂತು ನಿಧಾನದ ಒಂದು ತುಣುಕು ಬರತ್ತೆ, ಚೆಲ್ಲೊ ಮುಂದಾಳು, ಹಗಲಲ್ಲಿ ಕಂಡ ಕನಸಿನ ಹಾಗೆ, ಆಮೇಲೆ ಎಲ್ಲಿಂದಲೋ ಮೀಟು ಮೆಲ್ಲಗೆ ಮತ್ತೆ ಶುರುವಾಗಿ ಮೊದಲಿನ ಆಟಕ್ಕೆ ಬಂದು, ಈ ಸಲ ಚಿಕ್ಕದಾಗಿ ಮುಗಿಯತ್ತೆ.

ಮೂರನೇ ಭಾಗಕ್ಕೆ ಸಮಯ ಕೊಡಿ. ಇದು ಫೋನ್ ಸ್ಪೀಕರಲ್ಲಿ ಕೇಳೋದಲ್ಲ, ರಾತ್ರಿ ಹೆಡ್‌ಫೋನ್ ಹಾಕ್ಕೊಂಡು ಕೇಳಿ. ಬಹಳ ನಿಧಾನ, ವಾದ್ಯಗಳ ಕುದುರೆ ಮೇಲೆ, ಅಂದ್ರೆ ತಂತಿ ಹೊತ್ತ ಮರದ ತುಂಡಿನ ಮೇಲೆ, ಸದ್ದು ತಗ್ಗಿಸೋ ಮ್ಯೂಟ್ ಸಿಕ್ಕಿಸಿರ್ತಾರೆ, ಧ್ವನಿ ಗೋಡೆ ಆಚೆಯಿಂದ ಬಂದ ಹಾಗೆ ಬರತ್ತೆ. ಹಾಡು ಶುರು ಮಾಡೋದು ವಿಯೋಲಾ, ಮೊದಲನೇ ವಯಲಿನ್ ಆಮೇಲೆ ತಗೊಳ್ಳತ್ತೆ. ಹಾಡು ಸಾಲಾಗಿ ಸಾಗಲ್ಲ, ಸ್ವಲ್ಪ ಹೇಳತ್ತೆ, ನಿಲ್ಲತ್ತೆ, ಬೇರೆ ಏನೋ ನೆನಪಾಗತ್ತೆ. ಆ ನೆನಪಾಗೋದು ಏನು ಅಂದ್ರೆ ಮೊದಲನೇ ಭಾಗದ ಮೊದಲನೇ ರಾಗ, ಅದು ಬಾಗಿಲ ಸಂದಿಯಿಂದ ಇಣುಕಿದ ಹಾಗೆ ಬಂದು ಹೋಗ್ತಾ ಇರತ್ತೆ. ಅದರ ಜೊತೆಗೆ ಪಂಚಮ ಅಂತರದ ಜೋಡಿ ಸ್ವರಗಳು ಒಟ್ಟೊಟ್ಟಿಗೆ ಜರುಗ್ತವೆ. ಕಾಲೇಜಿನ ಹಾರ್ಮನಿ ಪಾಠದಲ್ಲಿ ಪಂಚಮಗಳನ್ನ ಹೀಗೆ ಸಾಲಾಗಿ ಜರುಗಿಸೋದು ತಪ್ಪು ಅಂತ ಮೊದಲನೇ ವರ್ಷದಲ್ಲೇ ಹೇಳ್ಕೊಡ್ತಾರೆ, ಆ ಕಾಲೇಜಲ್ಲೇ ಅಷ್ಟು ವರ್ಷ ಕೂತಿದ್ದ ರವೇಲ್ ಗೊತ್ತಿದ್ದೇ, ಎಲ್ಲರಿಗೂ ಕೇಳಿಸೋ ಜಾಗದಲ್ಲಿ ಅದನ್ನ ಇಟ್ಟಿದಾನೆ. ಕೇಳಿದ್ರೆ ದಂಗೆ ಅಂತ ಅನ್ಸಲ್ಲ, ಎಲ್ಲೋ ದೂರದಲ್ಲಿ ಬಾಗಿಲು ತೆರೆದ ಹಾಗೆ ಇರತ್ತೆ. ಈ ಭಾಗ ಮುಖ್ಯವಾಗಿ ಜಿ ಫ್ಲಾಟ್ ಮೇಜರ್‌ನಲ್ಲಿ, ಅಂದ್ರೆ ವಯಲಿನ್ನಿನ ನಾಲ್ಕು ಖಾಲಿ ತಂತಿಯಲ್ಲಿ ಒಂದು ಕೂಡ ಆ ಸ್ವರಗಳಲ್ಲಿ ಸೇರಲ್ಲ. ಖಾಲಿ ತಂತಿಯ ಅನುರಣನ ಸಿಗದೇ ಇರೋದ್ರಿಂದಲೇ ಧ್ವನಿ ಅಷ್ಟು ಮುಚ್ಚಿದ ಹಾಗೆ ಇರೋದು. ನಮ್ಮ ಪಿಟೀಲಲ್ಲಿ ಸ ಪ ಸ ಪ ಕಟ್ಕೊಂಡು ತಂತಿಗಳು ತಾವೇ ತಾವು ಗುಯ್ಗುಟ್ಟೋ ಸುಖಕ್ಕೆ ಒಗ್ಗಿದವರಿಗೆ ಇದು ಬೇರೆಯದೇ ಲೋಕ ಅನ್ಸತ್ತೆ.

ಕೊನೆಯ ಭಾಗ ಒಂದೇ ಏಟಿಗೆ ಆ ಮೌನ ಒಡೆದು ಹಾಕತ್ತೆ. ಐದು ಅಕ್ಷರದ ಅಳತೆ, ವೇಗ ಜಾಸ್ತಿ, ಕಮಾನು ತಂತಿ ಮೇಲೆ ನಡುಗೋ ಹಾಗೆ ಐದು ಸ್ವರ ಉರುಳ್ತಾ ಬರತ್ತೆ. ಖಂಡಚಾಪು ಹಾಕಿ ಬೆಳೆದೋರಿಗೆ ಐದು ಹೊಸದಲ್ಲ, ಆದ್ರೆ ಚಾಪುವಿನ ಆ ಕುಂಟು ನಡಿಗೆ ಇಲ್ಲಿ ಹುಡುಕ್ಬೇಡಿ, ಐದೂ ಸಮವಾಗಿ ಸುರಿಯತ್ತೆ. ಆಗಾಗ ಮೂರರ ಅಳತೆಗೆ ಬಿಡುಗಡೆ ಆಗತ್ತೆ, ಆಗ ಮೊದಲನೇ ಭಾಗದ ಪರಿಚಯದ ಮುಖಗಳು ಕಾಣ್ತವೆ. ಫೋರೆಯವರಿಗೇ ಈ ಭಾಗ ಸರಿ ಅನ್ನಿಸಲಿಲ್ಲ, ಮೊಟಕಾಗಿದೆ, ತೂಕ ಸರಿ ಇಲ್ಲ ಅಂದ್ರಂತೆ, ಯಾರಿಗೆ ಅರ್ಪಿಸಿದ್ದೋ ಅವರಿಗೇ. ನಾನು ಅರ್ಧ ಒಪ್ತೀನಿ. ಮೊದಲ ಮೂರು ಭಾಗದಲ್ಲಿ ಇರೋ ಬಿಡುವು ಇಲ್ಲಿ ಇಲ್ಲ, ರಾಗಗಳು ವಾಪಸ್ ಬಂದು ತಕ್ಷಣ ಹೋಗ್ಬಿಡ್ತವೆ. ಆದ್ರೆ ಮೂರನೇದರ ಕೊನೆಯ ಸ್ತಬ್ಧತೆ ಆದ್ಮೇಲೆ ಇನ್ನೊಂದು ಉದ್ದನೆ ಭಾಗ ಯಾರಿಗೂ ಬೇಕಾಗಿರಲಿಲ್ಲ ಅಂತಲೂ ಅನ್ಸತ್ತೆ, ಗಾಳಿ ಬೇಕಿತ್ತು, ಗಾಳಿ ಬಂತು. ರವೇಲ್ ಕೂಡ 1928ರಲ್ಲಿ ತನ್ನ ಬಗ್ಗೆ ಹೇಳ್ಕೊಳ್ಳುವಾಗ ಈ ಕ್ವಾರ್ಟೆಟ್ ಸಂಗೀತದ ಕಟ್ಟಡದ ಬಗ್ಗೆ ತನಗಿದ್ದ ಒಂದು ಕಲ್ಪನೆ, ಪೂರ್ತಿ ಸಾಧಿಸೋಕಾಗದೇ ಇರಬಹುದು, ಆದ್ರೆ ಅದಕ್ಕಿಂತ ಮುಂಚಿನ ಕೆಲಸಗಳಿಗಿಂತ ತುಂಬಾ ಸ್ಪಷ್ಟವಾಗಿ ಬಂತು ಅನ್ನೋ ಅರ್ಥದ ಮಾತು ಹೇಳಿದಾನೆ. ಅವನು ಬಳಸಿದ್ದು ಕಟ್ಟಡ, ಸ್ಪಷ್ಟತೆ ಅನ್ನೋ ಮಾತುಗಳನ್ನ ನೋಡಿ. ಮಂಜು, ಕನಸು, ಇಂಪ್ರೆಷನ್ ಇದ್ಯಾವುದೂ ಅವನ ಬಾಯಲ್ಲಿ ಇಲ್ಲ. 1910ರಲ್ಲಿ ಮತ್ತೆ ಪ್ರಿಂಟ್ ಆದಾಗ ತಿದ್ದಿ ಕೊಟ್ಟ, ಈಗ ನಾವೆಲ್ಲ ನುಡಿಸೋದು ಆ ತಿದ್ದಿದ ಪ್ರತಿಯನ್ನ.

ಕಾಲೇಜಿನ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಪ್ರಿ ದ ರೋಮ್ ಅಂತ ಫ್ರಾನ್ಸ್ ಸರ್ಕಾರದ ದೊಡ್ಡ ಬಹುಮಾನ, ರವೇಲ್ ಅದಕ್ಕೆ ಐದು ಸಲ ನಿಂತ. ಕೊನೇ ಸಲ 1905, ವಯಸ್ಸಿನ ಮಿತಿ 30, ಆ ಹೊತ್ತಿಗೆ ಈ ಕ್ವಾರ್ಟೆಟ್ ನುಡಿಸಿ ವರ್ಷ ಆಗಿತ್ತು, ಪ್ಯಾರಿಸ್‌ಗೆಲ್ಲ ಹೆಸರು ಗೊತ್ತಿತ್ತು, ಆದ್ರೂ ಮೊದಲ ಸುತ್ತಲ್ಲೇ ತೆಗೆದು ಹಾಕಿದ್ರು. ಅಂತಿಮ ಸುತ್ತಿಗೆ ಹೋದವರೆಲ್ಲ ತೀರ್ಪುಗಾರರಲ್ಲಿ ಒಬ್ಬರಾದ ಲೆನೆಪ್ವೆ ಅವರ ಶಿಷ್ಯರೇ ಅಂತ ಗೊತ್ತಾಗಿ ಪೇಪರಲ್ಲೆಲ್ಲ ಗಲಾಟೆ, ಸಾಹಿತಿ ರೊಮೇನ್ ರೋಲಾಂ ಅವರೂ ರವೇಲ್ ಪರ ಕಾಗದ ಬರೆದ್ರು, ಕೊನೆಗೆ ಕಾಲೇಜಿನ ನಿರ್ದೇಶಕ ದ್ಯುಬ್ವಾ ಜಾಗ ಬಿಟ್ರು, ಆ ಕುರ್ಚಿಗೆ ಬಂದಿದ್ದು ಫೋರೆ. ಅದೇ ಫೋರೆ ಜೀವನದ ಕೊನೆ ತನಕ ಕ್ವಾರ್ಟೆಟ್ ಬರೆಯೋಕೆ ಹೆದರ್ಕೊಂಡೇ ಇದ್ರು, ಬೀಥೊವನ್ ಆದ್ಮೇಲೆ ಈ ಪ್ರಕಾರಕ್ಕೆ ಕೈ ಹಾಕೋಕೆ ಎಲ್ಲರಿಗೂ ಭಯ ಅಂತ ಹೆಂಡತಿಗೆ ಬರೆದಿದಾರೆ, 1924ರಲ್ಲಿ ತೀರಿಕೊಳ್ಳೋ ಮುಂಚೆ ಒಂದೇ ಒಂದು ಬರೆದು ಮುಗಿಸಿದ್ರು. ದೆಬ್ಯುಸಿದು ಒಂದು, ರವೇಲ್‌ದು ಒಂದು, ಫೋರೆಯವರದು ಒಂದು. ಮೂರು ಜನದ ಒಂದೊಂದೇ ಕ್ವಾರ್ಟೆಟ್ ಕೇಳೋಕೆ ಒಂದು ಸಂಜೆ ಸಾಕು, ಒಂದೊಂದೂ ಹೆಚ್ಚುಕಮ್ಮಿ ಅರ್ಧ ಗಂಟೆ ಒಳಗೇ.

ಯಾರದ್ದು ಕೇಳ್ಬೇಕು ಅಂದ್ರಿ. ಹಳೇದು ಒಂದು ಖಂಡಿತ ಕೇಳಿ, 1934ರಲ್ಲಿ ಗಲಿಮಿರ್ ಕ್ವಾರ್ಟೆಟ್‌ನವರು ಮಾಡಿದ್ದು. ವಿಯೆನ್ನಾದ ಒಂದೇ ಮನೆ ಮಕ್ಕಳು, ಫೆಲಿಕ್ಸ್ ಗಲಿಮಿರ್ ಮತ್ತೆ ಅವರ ಮೂವರು ಸೋದರಿಯರು, ರವೇಲ್ ಎದುರಿಗೇ ಕೂತು ನೋಡ್ಕೊಂಡ ರೆಕಾರ್ಡಿಂಗ್ ಅದು. ಸದ್ದು ಹಳೇದು, ಕರಕರ ಅನ್ನತ್ತೆ, ಆದ್ರೆ ಗಮನ ಇಟ್ಟು ಕೇಳಿ, ಎಲ್ಲೂ ಎಳೆದಾಡಲ್ಲ, ಭಾವ ಸುರಿಯಲ್ಲ, ತಾಳ ಕಡ್ಡಿ ಗೀರಿದ ಹಾಗೆ. ರವೇಲ್‌ಗೆ ಬೇಕಾಗಿದ್ದು ಅದೇ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಆಮೇಲೆ 1960ರ ದಶಕದ ಕ್ವಾರ್ಟೆಟೊ ಇಟಾಲಿಯಾನೊ, ನಾಲ್ಕು ವಾದ್ಯ ಒಂದೇ ಗಂಟಲಿಂದ ಬಂದ ಹಾಗೆ, ಆ ಎರಡು ಸ್ಥಾಯಿ ಅಂತರದ ಹಾಡು ಅವರ ಕೈಯಲ್ಲಿ ಕೇಳ್ಬೇಕು. ಹೊಸಬರಲ್ಲಿ ಫ್ರಾನ್ಸ್‌ನ ಎಬೆನ್ ಕ್ವಾರ್ಟೆಟ್, 2008ರ ಆಲ್ಬಮ್, ಅದರಲ್ಲಿ ದೆಬ್ಯುಸಿ, ಫೋರೆ, ರವೇಲ್ ಮೂರೂ ಒಟ್ಟಿಗೇ ಇದೆ, ಎರಡನೇ ಭಾಗದ ಮೀಟು ಕಿಡಿ ಹಾರಿದ ಹಾಗೆ. ನೀವು ಒಂದೇ ತಗೊಳ್ಳೋದಾದ್ರೆ ಇದನ್ನ ತಗೊಳ್ಳಿ, ಚೆಲ್ಲೊ ಇದರಲ್ಲಿ ಬಿಡಿಸಿಟ್ಟ ಹಾಗೆ ಕೇಳಿಸತ್ತೆ.

ಒಂದು ವಾರ ಮೊದಲನೇ ಭಾಗ ಮಾತ್ರ ಹಾಕಿ, ಎಂಟು ನಿಮಿಷದ ವಿಷಯ. ಎರಡನೇ ರಾಗ ಮೊದಲ ಸಲ ಬರೋ ಜಾಗ ಗುರುತು ಹಾಕ್ಕೊಳ್ಳಿ, ವಯಲಿನ್ ವಿಯೋಲಾ ಜೋಡಿ ಧ್ವನಿ ಕೇಳಿದ್ರೆ ತಪ್ಪಿ ಹೋಗಲ್ಲ. ಆಮೇಲೆ ಅದೇ ಜೋಡಿ ಕೊನೆ ಕಡೆ ಮತ್ತೆ ಬರೋ ತನಕ ಕಾಯಿರಿ, ಬಂದ ತಕ್ಷಣ ಹಾಡನ್ನ ಬಿಟ್ಟು ಕೆಳಗಿನ ಚೆಲ್ಲೊಗೆ ಕಿವಿ ಕೊಡಿ, ಡಿ ಇದ್ದಲ್ಲಿ ಎಫ್ ಕೂತಿರತ್ತೆ. ಸಿಕ್ಕಿದ್ರೆ ಬರೆದು ತಿಳಿಸಿ, ಸಿಗದೇ ಇದ್ರೂ ಬರೀರಿ, ನಿಮ್ಮ ಹತ್ರ ಇರೋ ರೆಕಾರ್ಡಿಂಗ್‌ನಲ್ಲಿ ಎಷ್ಟನೇ ನಿಮಿಷ ಅಂತ ನಾನೇ ಕೇಳಿ ಹೇಳ್ತೀನಿ.